ಕೆಂಪು ಚುಕ್ಕೆಯಲ್ಲಿ ನಿಲ್ಲದ ಪ್ರೋಗ್ರಾಮು

ಪ್ರತಿಮಾ, ಆ ದಿನ ಮಷೀನು ಸರಿ ಇರಲಿಲ್ಲ. ತಪ್ಪು ನಿನ್ನ ಪ್ರೋಗ್ರಾಮಿನಲ್ಲಿ ಇರಲಿಲ್ಲ, ನಿನ್ನ ಕೈಯಲ್ಲಿ ಇರಲಿಲ್ಲ, ನಿನ್ನ ಗಾಬರಿಯಲ್ಲೂ ಇರಲಿಲ್ಲ. ಅದು ನಾನು ಮಾಡಿಟ್ಟ ತಪ್ಪು. ನನಗೆ ಅದು ತಿಳಿದದ್ದು ವರ್ಷಗಳ ಮೇಲೆ ಅಲ್ಲ — ಅದೇ ದಿನ ಮಧ್ಯಾಹ್ನ, ನಿನ್ನ ಅಂಕಪಟ್ಟಿಯ ಲಕೋಟೆಗೆ ಗೋಂದು ಹಚ್ಚುವ ಮೊದಲೇ. ತಿಳಿದ ಮೇಲೂ ಸುಮ್ಮನಿದ್ದೆ. ಒಂಬತ್ತು ವರ್ಷ ಸುಮ್ಮನಿದ್ದೆ.

ಇದನ್ನು ನಿನ್ನ ಕೈಗೆ ಕೊಡಲೆಂದೇ ಬರೆಯುತ್ತಿದ್ದೇನೆ. ಆದರೆ ಬೇರೆಯವರೂ ಓದಲಿ ಎಂಬುದು ನನ್ನ ಹಟ. ಸುಳ್ಳು ಹೇಳಿದ್ದು ನಾಲ್ಕು ಜನರ ಎದುರು, ಒಪ್ಪಿಕೊಳ್ಳುವುದು ಮಾತ್ರ ಗುಟ್ಟಿನಲ್ಲಿ — ಅದು ಯಾವ ನ್ಯಾಯ? ಹಾಗಾಗಿ ನಿನಗೆ ಗೊತ್ತಿರುವುದನ್ನೂ ಒಂದಿಷ್ಟು ಹೇಳುತ್ತೇನೆ, ಬೇಸರಿಸಬೇಡ. ಇನ್ನೊಂದು ಮಾತು. ಈ ಬರಹದಲ್ಲಿ ಪಶ್ಚಾತ್ತಾಪಕ್ಕಿಂತ ಕೃತಜ್ಞತೆಯೇ ಹೆಚ್ಚು ಕಂಡರೆ ಮೇಡಂ ನುಣುಚಿಕೊಳ್ಳುತ್ತಿದ್ದಾರೆ ಅಂದುಕೊಳ್ಳಬೇಡ. ಅನ್ಯಾಯ ಮಾಡಿದವಳು ನಾನು, ಆದರೂ ಕೊಡುತ್ತಾ ಬಂದವಳು ನೀನು. ಅದನ್ನು ಬಿಟ್ಟು ಬರೆದರೆ ಇದು ಅರ್ಧ ಸತ್ಯವಾಗುತ್ತದೆ, ಮತ್ತು ಅರ್ಧ ಸತ್ಯ ಹೇಳುವುದರಲ್ಲಿ ನಾನು ಈಗಾಗಲೇ ಸಾಕಷ್ಟು ಪಳಗಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ನಾನು ಕೊಕ್ಕರ್ಣೆಯವಳು. ಅಪ್ಪಯ್ಯ ಗದ್ದೆ ಮಾಡಿಕೊಂಡಿದ್ದವರು. ಮೇಲೆ 'ಶ್ರೀ' ಬರೆಯದೆ ಕಾಗದಕ್ಕೆ ಒಂದಕ್ಷರ ಇಳಿಸಿದವರಲ್ಲ. ಪೇಟೆಯಿಂದ ತರಬೇಕಾದ ಸಾಮಾನಿನ ಚೀಟಿಯಲ್ಲೂ ಮೇಲೆ ಶ್ರೀ, ಕೆಳಗೆ ಈರುಳ್ಳಿ. ಆ ಅಭ್ಯಾಸ ನನಗೂ ಅಂಟಿತ್ತು. ಮದುವೆಯಾಗಿ ಕೋಟಕ್ಕೆ ಬಂದೆ, ಕುಂದಾಪುರದ ಕಾಲೇಜೊಂದರಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಕೆಲಸ ಸಿಕ್ಕಿತು. ಎರಡನೇ ವರ್ಷಕ್ಕೇ ಲ್ಯಾಬಿನ ಉಸ್ತುವಾರಿಯನ್ನೂ ಕೊಟ್ಟರು. ಕೊಟ್ಟದ್ದೇ ತಡ, ನನ್ನ ತಲೆ ಸ್ವಲ್ಪ ತಿರುಗಿತು ಎಂದರೆ ಸರಿ. ಮೌಸು ಮುಟ್ಟುವ ಮೊದಲು ಕೈ ತೊಳೆದಿದ್ದೀರಾ ಎಂದು ಕೇಳುತ್ತಿದ್ದೆನಲ್ಲ — ನೀವೆಲ್ಲ ಹಿಂದೆ ನಗುತ್ತಿದ್ದದ್ದು ನನಗೆ ಗೊತ್ತಿತ್ತು.

ಆ ವರ್ಷ ನನ್ನ ಮೇಜಿಗೊಂದು ಹೊಸ ಮಷೀನು ಬಂತು. ಬಂದ ವಾರವೇ ಆಯುಧಪೂಜೆ. ನಮ್ಮ ಕಡೆ ಆವತ್ತು ಬಸ್ಸು, ರಿಕ್ಷಾ, ಹೊಲಿಗೆ ಮಷೀನು, ತೆಂಗಿನಕಾಯಿ ಸುಲಿಯುವ ಕತ್ತಿ ಎಲ್ಲಕ್ಕೂ ಹೂವು ಬೀಳುತ್ತದೆ; ಲ್ಯಾಬಿಗೂ ಬಿತ್ತು. ಮಂಗಳಾರತಿ ಆದ ಕೂಡಲೇ, ಶುಭದಿನ ಅಂತ, ನನ್ನ ಮಷೀನನ್ನು ನಾನೇ ಸಜ್ಜು ಮಾಡಲು ಕುಳಿತೆ. ಓದುತ್ತಿರುವ ಬೇರೆಯವರಿಗಾಗಿ ಹೇಳುತ್ತೇನೆ: ಪ್ರೋಗ್ರಾಮು ಬರೆಯುವ ಜಾಗ ಒಂದು, ಬರೆದದ್ದನ್ನು ಮಷೀನಿನ ಭಾಷೆಗೆ ತಿರುಗಿಸುವ ಕಂಪೈಲರ್ ಇನ್ನೊಂದು, ತಪ್ಪು ಎಲ್ಲಿದೆ ಎಂದು ನಡುನಡುವೆ ನಿಲ್ಲಿಸಿ ತೋರಿಸುವ ಡಿಬಗರ್ ಮತ್ತೊಂದು. ಯಾವುದು ಎಲ್ಲಿದೆ ಎಂದು ಒಂದರ ವಿಳಾಸ ಇನ್ನೊಂದಕ್ಕೆ ನಾವೇ ಬರೆದು ಕೊಡಬೇಕು. ಎಲ್ಲ ಬರೆದೆ. ಕೊನೆಗೆ ಪ್ರೋಗ್ರಾಮುಗಳನ್ನು ಇಡುವ ಫೋಲ್ಡರಿಗೆ ಹೆಸರು ಕೇಳಿತು. ಕನ್ನಡದಲ್ಲಿ ಟೈಪು ಮಾಡುವುದನ್ನು ಆಗಷ್ಟೇ ಕಲಿತಿದ್ದೆ. ಕೈ ತಾನಾಗಿ ಹೋಯಿತು — 'ಶ್ರೀ' ಎಂದು ಬರೆದೆ, ಬೆರಳನ್ನು ಕಣ್ಣಿಗೆ ಒತ್ತಿಕೊಂಡೆ, ಅವಲಕ್ಕಿ ಪ್ರಸಾದ ತಿಂದು ಮನೆಗೆ ಹೋದೆ.

ಅಲ್ಲಿಂದ ಪರೀಕ್ಷೆಯವರೆಗೆ ಆ ಮಷೀನಿನಲ್ಲಿ ನಾನು ಎಷ್ಟೋ ಪ್ರೋಗ್ರಾಮು ಬರೆದೆ. ಎಲ್ಲವೂ ಸಲೀಸಾಗಿ ಓಡಿದವು. ಡಿಬಗರ್ ಒಂದನ್ನು ಮಾತ್ರ ಒಮ್ಮೆಯೂ ತೆರೆದು ನೋಡಲಿಲ್ಲ. ಮೇಡಂ ಬರೆದದ್ದರಲ್ಲಿ ತಪ್ಪಿದ್ದರೆ ತಾನೇ ಹುಡುಕುವ ಮಾತು!

ಈಗ ಆ ದಿನಕ್ಕೆ ಬರುತ್ತೇನೆ. ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಕಡಕ್ ಮನುಷ್ಯ. ನಗು ಅವರ ಮುಖದ ಹತ್ತಿರ ಸುಳಿಯುತ್ತಿರಲಿಲ್ಲ. ಬೆಳಿಗ್ಗೆ ಅವರ ಮುಂದೆ ನಾನು ಕೊಚ್ಚಿಕೊಂಡಿದ್ದೆ — ನಮ್ಮ ಲ್ಯಾಬಿನಲ್ಲಿ ಪ್ರತಿಯೊಂದು ಮಷೀನನ್ನೂ ಸ್ವತಃ ಪರೀಕ್ಷಿಸಿದ್ದೇನೆ ಸಾರ್, ಕಂಪೈಲರ್, ಡಿಬಗರ್ ಯಾವುದರಲ್ಲೂ ತಕರಾರಿಲ್ಲ, ಎಂದು. ಪರೀಕ್ಷೆ ಶುರುವಾಗಿ ಹತ್ತು ನಿಮಿಷಕ್ಕೆ ನಿನ್ನ ಮಷೀನು ಕಣ್ಣು ಮುಚ್ಚಿತು. ನೀನು ಅಳುವ ಹಾಗಿದ್ದೆ. ನಾನು ದೊಡ್ಡ ಮನಸ್ಸು ಮಾಡಿ ನನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟೆ, ನನ್ನ ಮಷೀನಿನಲ್ಲೇ ಮಾಡು ಎಂದೆ. ಅದು ಉಪಕಾರ ಎಂದೇ ಆಗ ಅಂದುಕೊಂಡದ್ದು.

ಮೊದಲ ಪ್ರಶ್ನೆಯನ್ನು ನೀನು ಬೇಗ ಮುಗಿಸಿದೆ. ಎರಡನೆಯದು, ತಪ್ಪಿರುವ ಪ್ರೋಗ್ರಾಮೊಂದನ್ನು ಕೊಟ್ಟು, ಡಿಬಗರ್ ಬಳಸಿ ತಪ್ಪು ಎಲ್ಲಿ ಎಂದು ಪರೀಕ್ಷಕರಿಗೆ ತೋರಿಸುವುದು. ಯಾವ ಸಾಲಿನಲ್ಲಿ ನಿಲ್ಲಬೇಕೋ ಆ ಸಾಲಿನ ಪಕ್ಕ ಕೆಂಪು ಚುಕ್ಕೆ ಇಡಬೇಕು. ಪ್ರೋಗ್ರಾಮು ಅಲ್ಲಿಗೆ ಬಂದು ನಿಲ್ಲಬೇಕು. ನೀನು ಇಟ್ಟೆ. ಅದು ನಿಲ್ಲಲಿಲ್ಲ. ಇನ್ನೊಮ್ಮೆ ಇಟ್ಟೆ. ನಿಲ್ಲಲಿಲ್ಲ. ನೀನು ಕೈ ಎತ್ತಿದೆ.

"ಮೇಡಂ, ಕೆಂಪ್ ಚುಕ್ಕಿ ಇಟ್ರೂ ನಿಲ್ತಿಲ್ಲೆ. ಸೀದಾ ಕಡೀ ತನ್ಕ ಓಡತ್ತ್. ಮಷೀನಗೇ ಎಂತದೋ ಇತ್ತ್ ಕಾಂತ್."

ಪರೀಕ್ಷಕರು ತಿರುಗಿ ನನ್ನನ್ನು ನೋಡಿದರು. ಬೆಳಿಗ್ಗೆ ನಾನು ಕೊಚ್ಚಿಕೊಂಡದ್ದು ಅವರ ಹುಬ್ಬಿನಲ್ಲೇ ಕಾಣುತ್ತಿತ್ತು — ಅಥವಾ ನನಗೆ ಹಾಗೆ ಕಂಡಿತು. ಬಗ್ಗಿ ಪರದೆಯನ್ನು ನೋಡಲು ಒಂದು ನಿಮಿಷ ಸಾಕಿತ್ತು. ನೋಡಲಿಲ್ಲ. ಪರವೂರಿನವರ ಎದುರು ಎಂದು ಪುಸ್ತಕದ ಕನ್ನಡ ಎಳೆದು ತಂದು, ನಿಂತಲ್ಲಿಂದಲೇ ಹೇಳಿದೆ:

"ಮಷೀನ್ ಸರಿ ಇದೆ. ಮೊದಲು ನಿನ್ನ ಕೆಲಸ ನೋಡಿಕೋ."

ನೀನು ನೋಡಿಕೊಂಡೆ. ಈಗ ಬರೆಯುವಾಗಲೂ ಆ ದೃಶ್ಯ... ನೀನು ಮಷೀನನ್ನು ಪಕ್ಕಕ್ಕೆ ಸರಿಸಿದ ಹಾಗೆ ಮಾಡಿ, ಉತ್ತರ ಪತ್ರಿಕೆಯ ಹಿಂಬದಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ ಒಂದು ಪಟ್ಟಿ ಮಾಡಿದೆ. ಪ್ರೋಗ್ರಾಮಿನ ಒಂದೊಂದು ಸಾಲು ಓದಿದಾಗಲೂ ಯಾವ ಅಕ್ಷರದ ಬೆಲೆ ಎಷ್ಟಾಯಿತು ಎಂದು ಬರೆಯುತ್ತಾ ಹೋದೆ. ಡಿಬಗರ್ ಮಾಡಬೇಕಾದ ಕೆಲಸವನ್ನು ಕೈಯಲ್ಲಿ ಮಾಡಿದೆ. ತಪ್ಪು ಸಿಕ್ಕಿತು, ಪ್ರೋಗ್ರಾಮು ಒಂದು ಸುತ್ತು ಹೆಚ್ಚು ತಿರುಗುತ್ತಿತ್ತು. ಪರೀಕ್ಷಕರು ಪಟ್ಟಿಯ ಮೇಲೆ ಕಣ್ಣಾಡಿಸಿ, ಕೇಳಿದ್ದು ಇದಲ್ಲ, ಡಿಬಗರಿನಲ್ಲಿ ತೋರಿಸಬೇಕಿತ್ತು ಎಂದರು. ಆ ಪ್ರಶ್ನೆಗೆ ಸೊನ್ನೆ ಹಾಕಿದರು. ಸೊನ್ನೆಯಾದರೆ ನೀನು ಉತ್ತೀರ್ಣಳಾಗುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಪರೀಕ್ಷೆ ಮುಗಿಯಿತು. ನೀವೆಲ್ಲ ಹೋದಿರಿ. ಪರೀಕ್ಷಕರು ಸ್ಟಾಫ್ ರೂಮಿಗೆ ಚಹಾಕ್ಕೆ ಹೋದರು. ನನ್ನ ಮನಸ್ಸು ಚುರುಗುಟ್ಟುತ್ತಿತ್ತು. ಹೋಗಿ ನನ್ನ ಕುರ್ಚಿಯಲ್ಲಿ ಕುಳಿತೆ. ನಾನೂ ಕೆಂಪು ಚುಕ್ಕೆ ಇಟ್ಟೆ. ನಿಲ್ಲಲಿಲ್ಲ. ಕೆಳಗೆ ಮಷೀನು ಸಣ್ಣ ಅಕ್ಷರದಲ್ಲಿ ದೂರು ಬರೆದಿತ್ತು: ಇಂಥ ಜಾಗದಲ್ಲಿ ಫೈಲು ಸಿಗುತ್ತಿಲ್ಲ. ಆ ಜಾಗದ ಹೆಸರಿನಲ್ಲಿ ಶ್ರೀ ಇರಬೇಕಾದಲ್ಲಿ ನಾಲ್ಕು ಪ್ರಶ್ನಾರ್ಥಕ ಚಿಹ್ನೆ.

ಐದು ನಿಮಿಷದಲ್ಲಿ ಅರ್ಥವಾಯಿತು. ಕಂಪೈಲರಿಗೆ ಫೈಲಿನ ಹೆಸರಷ್ಟೇ ಸಾಕಿತ್ತು, ಅದು ಇಂಗ್ಲಿಷಿನಲ್ಲಿತ್ತು, ಹಾಗಾಗಿ ಪ್ರೋಗ್ರಾಮು ಓಡುತ್ತಿತ್ತು. ಡಿಬಗರಿಗೆ ಪೂರ್ತಿ ವಿಳಾಸ ಬೇಕು. ನಮ್ಮಲ್ಲಿದ್ದ ಆ ಹಳೆಯ ಡಿಬಗರಿಗೆ ಕನ್ನಡ ಅಕ್ಷರ ಓದಲು ಬಾರದು. ಶ್ರೀ ಎಂದು ನಾನು ಭಕ್ತಿಯಿಂದ ಬರೆದ ಬಾಗಿಲನ್ನು ಅದು ಹುಡುಕಿ ಹುಡುಕಿ, ಸಿಗದೆ, ಎಲ್ಲೂ ನಿಲ್ಲದೆ ಓಡಿಹೋಗುತ್ತಿತ್ತು. ಫೋಲ್ಡರಿನ ಹೆಸರನ್ನು ಅಳಿಸಿ ಇಂಗ್ಲಿಷಿನಲ್ಲಿ ಬರೆದೆ. ಮತ್ತೆ ಓಡಿಸಿದೆ. ಕೆಂಪು ಚುಕ್ಕೆಯ ಹತ್ತಿರ ಬಂದು ನಿಂತಿತು.

ಲಕೋಟೆ ಇನ್ನೂ ತೆರೆದೇ ಇತ್ತು, ಪ್ರತಿಮಾ. ಪರೀಕ್ಷಕರು ಪಕ್ಕದ ಕೋಣೆಯಲ್ಲೇ ಇದ್ದರು. ಎದ್ದು ಹೋಗಿ, ಸಾರ್, ತಪ್ಪು ನಮ್ಮ ಕಡೆಯಿಂದ ಆಗಿದೆ, ಆ ಹುಡುಗಿಯನ್ನು ಇನ್ನೊಮ್ಮೆ ಕೂರಿಸೋಣ ಎಂದರೆ — ಬೈಯುತ್ತಿದ್ದರು, ಬೈಯಲಿ. ಪ್ರಾಂಶುಪಾಲರಿಗೆ ಹೇಳುತ್ತಿದ್ದರು, ಹೇಳಲಿ. ಅದಕ್ಕಿಂತ ಹೆಚ್ಚೇನೂ ಆಗುತ್ತಿರಲಿಲ್ಲ. ನೀನು ಬಸ್ಸು ಕಾಯುತ್ತಾ ಇನ್ನೂ ಗೇಟಿನ ಹತ್ತಿರವೇ ಇದ್ದೆ, ಕಿಟಕಿಯಿಂದ ಕಾಣುತ್ತಿದ್ದೆ. ನಾನು ಮಷೀನು ಆರಿಸಿ ಸ್ಟಾಫ್ ರೂಮಿಗೆ ಹೋದೆ. ಗೋಳಿಬಜೆ ತರಿಸಿದ್ದರು. ಎರಡು ತಿಂದೆ. ಆಮೇಲೆ ಲಕೋಟೆಗೆ ಗೋಂದು ಹಚ್ಚಿದೆ.

ಫಲಿತಾಂಶ ಬಂತು. ಮಂಗಳೂರಿನಲ್ಲಿ ಎಂಸಿಎಗೆ ನಿನಗೆ ಸಿಕ್ಕಿದ್ದ ಸೀಟು ಹೋಯಿತು. ನಿಮ್ಮ ಮನೆಯಲ್ಲಿ ಅಷ್ಟು ಓದಿದವರು ನೀನೇ ಮೊದಲು. ಉಪ್ಪುಂದದ ಮೀನು ಮಾರ್ಕೆಟಿನಲ್ಲಿ ಅಮ್ಮನ ಪಕ್ಕ ನೀನೂ ಕೂರತೊಡಗಿದ್ದೀ ಎಂದು ನಿನ್ನ ಜೊತೆಯವರು ಹೇಳಿದರು. ಮೀನು ಮಾರುವುದರಲ್ಲಿ ಕೀಳೇನೂ ಇಲ್ಲ. ಆದರೆ ಅಲ್ಲಿ ನಿನ್ನನ್ನು ಕೂರಿಸಿದವಳು ನಾನು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಇನ್ನು ಈ ಹುಡುಗಿಯ ಮುಖ ನೋಡುವ ಪ್ರಸಂಗ ಬರದಿರಲಿ ಎಂದು ಒಳಗೊಳಗೇ ಬೇಡಿಕೊಂಡೆ. ಇದನ್ನೂ ಬರೆಯಬೇಕು, ಬರೆದಿದ್ದೇನೆ.

ಒಂದು ದಿನ ನೀನೇ ಲ್ಯಾಬಿನ ಬಾಗಿಲಿಗೆ ಬಂದೆ. ಕೈಯಲ್ಲಿ ಹೊಸ ನೋಟ್ ಪುಸ್ತಕ.

"ಮೇಡಂ, ನಂಗ್ ಡಿಬಗರ್ ಸಮಾ ಬತ್ತಿಲ್ಲೆ. ಮುಂದಿನ್ ಸಲ ಮತ್ ಪರೀಕ್ಷೆ ಬರೀಕಲೆ... ಒಂಚೂರ್ ಹೇಳಿಕೊಡ್ತ್ರಿಯಾ?"

ಬೇರೆ ಯಾರಾದರೂ ಆಗಿದ್ದರೆ ಆ ಕಾಲೇಜಿನ ದಾರಿ ಹಿಡಿಯುತ್ತಿರಲಿಲ್ಲ. ನೀನು ಬಂದೆ, ವಾರಕ್ಕೆರಡು ದಿನ, ಬೆಳಗಿನ ಮಾರಾಟ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡು. ನನಗೆ ಗೊತ್ತಿದ್ದದ್ದನ್ನೆಲ್ಲ ನಿನಗೆ ಹೇಳಿಕೊಟ್ಟೆ. ಕಂಪೈಲರಿನ ವಿಳಾಸ ಎಲ್ಲಿ ಬರೆಯಬೇಕು, ಡಿಬಗರಿನದು ಎಲ್ಲಿ, ಆ ಪುಟ್ಟ ಸೆಟ್ಟಿಂಗ್ ಫೈಲಿನ ಒಂದೊಂದು ಸಾಲೂ ಏನು ಮಾಡುತ್ತದೆ. ಫೋಲ್ಡರಿನ ಹೆಸರಿನಲ್ಲಿ ಕನ್ನಡ ಅಕ್ಷರ ಬೇಡ ಎಂದೂ ಹೇಳಿದೆ — ಯಾಕೆ ಎಂದು ಮಾತ್ರ ಹೇಳಲಿಲ್ಲ. ನೀನು ಎಲ್ಲವನ್ನೂ ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದೆ. ನಡುವೆ ಒಮ್ಮೆ ತಲೆ ಎತ್ತಿ ಕೇಳಿದೆ:

"ಮೇಡಂ, ಆವತ್ತ್ ಅದ್ ಎಂತಕ್ ನಿಲ್ಲಲಿಲ್ಲೆ?"

ದೇವರು ಅವಕಾಶವನ್ನು ಎದುರು ತಂದು ಕುಳ್ಳಿರಿಸುವುದು ಎಂದರೆ ಇದೇ. ಲ್ಯಾಬಿನಲ್ಲಿ ನಾವಿಬ್ಬರೇ. ನಾನು ಹೇಳಿದೆ — "ನೀನು ಗಾಬರಿಯಾಗಿದ್ದೆ ಪ್ರತಿಮಾ. ಎಲ್ಲೋ ಏನೋ ತಪ್ಪು ಒತ್ತಿರಬೇಕು."

"ಹೌದಾಯ್ಕ್ ಮೇಡಂ," ಎಂದೆ ನೀನು. "ನಂಗ್ ಕೈ ನಡುಗ್ತಿದ್ದಿತ್."

ಮೊದಲ ಸುಳ್ಳು ಭಯದಲ್ಲಿ ಬಂದದ್ದು. ಎರಡನೆಯದನ್ನು ನಾನು ಸಮಾಧಾನದಲ್ಲಿ, ಮೆಲುದನಿಯಲ್ಲಿ, ನಿನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿದೆ. ಅಂದಿನಿಂದ ನೀನು ಪ್ರತಿ ಸಾಲನ್ನೂ ಮೂರು ಮೂರು ಸಲ ತಿರುಗಿ ನೋಡುವವಳಾದೆ. ಎಷ್ಟು ಜಾಗ್ರತೆ ಈ ಹುಡುಗಿಗೆ ಎಂದು ಸಹೋದ್ಯೋಗಿಗಳು ಹೊಗಳುತ್ತಿದ್ದರು. ಅದು ಜಾಗ್ರತೆಯಲ್ಲ, ನಿನ್ನ ಮೇಲೇ ನಿನಗೆ ನಂಬಿಕೆ ಇಲ್ಲದ್ದು — ಅದನ್ನು ಹುಟ್ಟಿಸಿದವಳಿಗೆ ಗುರುತು ಸಿಗದೆ ಇರುತ್ತದೆಯೇ!

ನೀನು ಪಾಸಾದೆ. ಮರುದಿನ ನಿನ್ನ ಅಮ್ಮ ಕಾಲೇಜಿನ ಗೇಟಿಗೆ ಬಂದರು, ಬಾಳೆಲೆಯಲ್ಲಿ ಸುತ್ತಿದ ಬಂಗಡೆ ಮೀನು ಹಿಡಿದುಕೊಂಡು.

"ಹ್ವಾಯ್ ಮೇಡಮ್ಮ, ಬ್ಯಾಡ ಅನ್ನುಕಾಗ. ಬೆಳಿಗ್ಗೆ ದೋಣಿಗ್ ಬಂದದ್ ಇದ್. ನಮ್ ಹೆಣ್ಣಿನ್ ಕೈ ಬಿಡ್ಲಿಲ್ಲೆ ಅಲ್ದಾ ನೀವ್!"

ಬಂಗಡೆ ಕಂಡರೆ ನಾನು ನೀತಿ ನಿಯಮ ಎಲ್ಲ ಮರೆಯುವವಳು, ಇಡೀ ಕಾಲೇಜಿಗೆ ಗೊತ್ತು. ಅಂದು ಆ ಪೊಟ್ಟಣ ಹಿಡಿದು ಬಸ್ಸು ಹತ್ತಿದೆ. ಸಾರು ಮಾಡಿದೆ, ಮನೆಯವರಿಗೆಲ್ಲ ಬಡಿಸಿದೆ, ನನಗೆ ತಲೆನೋವು ಎಂದೆ.

ಇನ್ನು ನಿನ್ನಿಂದ ಪಡೆದದ್ದನ್ನು ಹೇಳುತ್ತೇನೆ. ಆ ಉತ್ತರ ಪತ್ರಿಕೆಯ ಹಿಂಬದಿಯ ಪಟ್ಟಿಯನ್ನು ನಾನು ಮರೆಯಲಿಲ್ಲ. ಮುಂದಿನ ವರ್ಷದ ಮಕ್ಕಳಿಗೆ ಮಷೀನು ತೆರೆಯುವ ಮೊದಲು ಪೆನ್ಸಿಲು ಕೊಟ್ಟೆ. ಪ್ರೋಗ್ರಾಮಿನ ಒಳಗೆ ಏನಾಗುತ್ತದೆ ಎಂದು ಸಾಲು ಸಾಲಾಗಿ ಬರೆಯಿರಿ, ಡಿಬಗರ್ ಆಮೇಲೆ, ಎಂದೆ. ಅದುವರೆಗೆ ನನ್ನ ಪಾಠ ಎಂದರೆ ನಾನು ಹೇಳುವುದು, ಅವರು ಟೈಪು ಮಾಡುವುದು. ಆ ವರ್ಷ ಮೊದಲ ಬಾರಿಗೆ, ಅರ್ಥವಾದಾಗ ಮಕ್ಕಳ ಮುಖ ಹೇಗಿರುತ್ತದೆ ಎಂದು ನೋಡಿದೆ. ಈಗ ನನ್ನನ್ನು ಒಳ್ಳೆಯ ಮೇಷ್ಟ್ರು ಎನ್ನುತ್ತಾರೆ. ಎನ್ನುವುದಕ್ಕೆ ಕಾರಣ ಏನಾದರೂ ಇದ್ದರೆ ಅದು ನಿನ್ನ ಪಟ್ಟಿ. ಆದರೆ ಒಬ್ಬ ವಿದ್ಯಾರ್ಥಿಗೂ ನಿನ್ನ ಹೆಸರು ಹೇಳಲಿಲ್ಲ. ಹೇಳಿದರೆ ಆ ದಿನದ ಕಥೆ ಹೇಳಬೇಕಾಗುತ್ತದಲ್ಲ. ನಿನ್ನದನ್ನೇ ಇಟ್ಟುಕೊಂಡು ಒಂಬತ್ತು ವರ್ಷ ಬೆಳೆದಿದ್ದೇನೆ, ಒಂದು ಥ್ಯಾಂಕ್ಸ್ ಕೂಡ ಹೇಳದೆ.

ಹೋದ ತಿಂಗಳು ನೀನು ಫೋನು ಮಾಡಿದೆ. ಬೈಂದೂರಿನಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದು, ಎಂಟು ಮಷೀನು ಇಟ್ಟು, ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದೇನೆ, ಒಮ್ಮೆ ಬರಲೇಬೇಕು ಎಂದೆ. ನಾನು ಬಂದೆ. ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ ಎದುರಿನ ಗೋಡೆಯ ಮೇಲೆ ನೀಲಿ ಬಣ್ಣದ ದಪ್ಪ ಅಕ್ಷರದಲ್ಲಿ ಬರೆಸಿದ್ದೀ: 'ಮಷೀನ್ ಸರಿ ಇದೆ. ಮೊದಲು ನಿನ್ನ ಕೆಲಸ ನೋಡಿಕೋ.' ಕೆಳಗೆ ನನ್ನ ಹೆಸರು.

ನಾನು ಕುರ್ಚಿ ಹುಡುಕಿ ಕುಳಿತೆ. ನೀನು ಕುಡಿಯಲು ಎಳನೀರಿನ ಬೊಂಡ ತರಿಸಿದೆ. ನನ್ನ ಕಾಲಿಗೆ ಬಿದ್ದೆ, ಮಕ್ಕಳಿಂದಲೂ ನಮಸ್ಕಾರ ಮಾಡಿಸಿದೆ. ಒಬ್ಬೊಬ್ಬರು ಬಗ್ಗಿದಾಗಲೂ ನನಗೆ ಆ ಗೋಡೆಯೇ ಕಾಣುತ್ತಿತ್ತು. ಪಾಠ ಶುರುವಾಯಿತು. ಕೊನೆಯ ಸಾಲಿನಲ್ಲಿದ್ದ ಎರಡು ಜಡೆಯ ಹುಡುಗಿ ಕೈ ಎತ್ತಿದಳು.

"ಅಕ್ಕಾ, ಇದ್ ನಿಲ್ತಿಲ್ಲೆ."

ನೀನು ಈಗ ಗೋಡೆಯತ್ತ ಕೈ ತೋರಿಸುತ್ತೀ, ಆ ಮಗು ತಲೆ ತಗ್ಗಿಸಿ ತನ್ನ ಸಾಲುಗಳಲ್ಲಿ ಇಲ್ಲದ ತಪ್ಪನ್ನು ಹುಡುಕಲು ಶುರುಮಾಡುತ್ತದೆ, ನನ್ನ ಸುಳ್ಳು ಇನ್ನೊಬ್ಬಳಿಗೆ ದಾಟುತ್ತದೆ — ಹಾಗೇ ಅಂದುಕೊಂಡೆ. ನೀನು ಗೋಡೆಯ ಕಡೆ ನೋಡಲೂ ಇಲ್ಲ. ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕುಳಿತೆ. ಅವಳ ಪ್ರೋಗ್ರಾಮನ್ನು ಮುಟ್ಟಲಿಲ್ಲ, ಮೊದಲು ಸೆಟ್ಟಿಂಗ್ ಫೈಲು ತೆರೆದೆ. ಬೆರಳಿಟ್ಟು ಓದಿದೆ. ಆಮೇಲೆ ನಕ್ಕೆ.

"ನಿನ್ ತಪ್ಪಲ್ಲ ಮಗಾ ಇದ್. ನನ್ ತಪ್ಪ್. ನಾನೇ ಬರ್ದ್ ಅಡ್ರೆಸ್ ತಪ್ಪಿತ್ತ್ ಕಾಣ್."

"ಹಾಂಗಾರೆ ಈಗ ನಿಲ್ಲತ್ತಾ?"

"ಕಾಂಬ," ಎಂದು ನೀನು ಅಡ್ರೆಸ್ ತಿದ್ದಿ ಮತ್ತೆ ಓಡಿಸಿದೆ.

ಅಷ್ಟೇ. ನಿಂತಿತು. ಹುಡುಗಿ ತನ್ನ ಕೆಲಸಕ್ಕೆ ತಿರುಗಿದಳು. ಯಾರೂ ನಗಲಿಲ್ಲ, ಯಾರೂ ನಿನ್ನನ್ನು ಕಡಿಮೆಯಾಗಿ ನೋಡಲಿಲ್ಲ, ಮಹಡಿ ಕುಸಿಯಲಿಲ್ಲ. ನಾನು ಒಂಬತ್ತು ವರ್ಷದಿಂದ ಹೇಳಲಾರದ ಮಾತನ್ನು ನೀನು ಎಂಟು ಮಕ್ಕಳ ಮತ್ತು ಒಬ್ಬ ಅತಿಥಿಯ ಎದುರು, ಮೂಗಿನ ಮೇಲಿನ ಬೆವರು ಒರೆಸಿಕೊಳ್ಳುತ್ತಾ, ಹೇಳಿ ಮುಗಿಸಿದೆ.

ಹೊರಡುವಾಗ ಮೆಟ್ಟಿಲ ಹತ್ತಿರ ನಾನು ಕೇಳಿದೆ, ಗೋಡೆಯ ಮೇಲೆ ಬರೆದದ್ದನ್ನು ಮಕ್ಕಳಿಗೆ ನೀನು ಹೇಳುವುದಿಲ್ಲವಾ ಎಂದು. ನಿನ್ನ ಉತ್ತರ ನಿನಗೆ ನೆನಪಿದೆಯೋ ಇಲ್ಲವೋ.

"ಅದ್ ನಂಗೆ ಬರ್ಸ್ಕಂಡದ್ ಮೇಡಂ," ಎಂದೆ. "ಮಕ್ಳಿಗಲ್ಲ."

ನನ್ನ ಸುಳ್ಳನ್ನು ನೀನು ಪೂರ್ತಿ ನಿನ್ನ ಮೇಲೇ ಹೊತ್ತುಕೊಂಡಿದ್ದೀ. ಮಕ್ಕಳ ತನಕ ಅದರ ಒಂದು ಹನಿಯನ್ನೂ ಬಿಟ್ಟಿಲ್ಲ. ಇದಕ್ಕೆ ಹೇಗೆ ಕೈ ಮುಗಿಯಬೇಕೋ ತಿಳಿಯದು. ನಿನಗೆ ಕಲಿಸಿದವಳು ನಾನು ಎಂದು ಊರೆಲ್ಲ ಹೇಳಿಕೊಂಡು ಬರುತ್ತೀ. ತಪ್ಪನ್ನು ಹೇಗೆ ಹೇಳಬೇಕು ಎಂದು ಕಲಿಸಿದವಳು ನೀನು. ಆ ಸ್ಟೂಲಿನ ಮೇಲೆ ಕುಳಿತು ಕಲಿಸಿದ್ದೀ.

ನೀನು ಕಳೆದುಕೊಂಡ ಆ ವರ್ಷವನ್ನು, ಹೋದ ಸೀಟನ್ನು ನಾನು ತಂದುಕೊಡಲಾರೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಮರುಮಾತಿಲ್ಲದೆ ಕೊಟ್ಟುಬಿಡುತ್ತೀ, ಅದು ನನಗೆ ಗೊತ್ತಿರುವುದರಿಂದಲೇ ಕೇಳಬಾರದು. ಈ ಸೋಮವಾರ ಕಾಲೇಜಿನಲ್ಲಿ ಪಟ್ಟಿಯ ಪಾಠ ಮಾಡುವಾಗ ಅದು ಯಾರದು, ಯಾವ ದಿನ ಹುಟ್ಟಿದ್ದು ಎಂದು ಪೂರ್ತಿ ಹೇಳಿದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಆಮೇಲೆ ಪ್ರಾಂಶುಪಾಲರಿಗೂ ಬರೆದು ಕೊಟ್ಟೆ, ಅವರು ಏನು ಬೇಕಾದರೂ ಮಾಡಿಕೊಳ್ಳಲಿ. ನಾಡಿದ್ದು ಶನಿವಾರ ಮೊದಲು ಉಪ್ಪುಂದದಲ್ಲಿ ಇಳಿದು ನಿನ್ನ ಅಮ್ಮನನ್ನು ಕಾಣುತ್ತೇನೆ. ಅಲ್ಲಿಂದ ನಿನ್ನ ಕೋಣೆಗೆ ಬರುತ್ತೇನೆ. ಇದನ್ನು ನಿನ್ನ ಕೈಗೆ ಕೊಟ್ಟು, ಓದುವ ಮೊದಲೇ ಬಾಯಿ ಬಿಟ್ಟು ಹೇಳುತ್ತೇನೆ.

ನನ್ನ ಮುಖ ನೋಡಿ ನಿನಗೆ ಏನೋ ಇದೆ ಎಂದು ತಿಳಿದೀತು. ಮೇಡಂ ಹತ್ತಿರ ಮಾತಾಡಲಿಕ್ಕಿದೆ ಎಂದು ಮಕ್ಕಳನ್ನು ಹೊರಗೆ ಕಳಿಸಲು ನೋಡುತ್ತೀ. ಕಳಿಸಬೇಡ, ಪ್ರತಿಮಾ. ಅವರೂ ಇರಲಿ.